ಒಂದೇ ಗಾಡಿ, ಇಬ್ಬರು ಪೊಲೀಸರು: ಜಗಳವನ್ನೇ ಚಿತ್ರಕಥೆ ಮಾಡಿದ ನನ್ನ ಅನುಭವ

ಕಾರು ಪಲ್ಟಿ ಹೊಡೆಯುವುದನ್ನು ನೋಡಬೇಕೆನ್ನುವವರಿಗೆ ಬೇಕಾದಷ್ಟು ಸಿನಿಮಾಗಳಿವೆ. ನಗಬೇಕೆನ್ನುವವರಿಗೂ ಕೊರತೆಯಿಲ್ಲ. ಆದರೂ ಒಬ್ಬರಿಗೊಬ್ಬರು ಹೊಂದದ ಇಬ್ಬರು ಪೊಲೀಸರನ್ನು ಒಂದೇ ಗಾಡಿಯಲ್ಲಿ ಕೂರಿಸಿ ಕಳ್ಳನ ಹಿಂದೆ ಓಡಿಸುವ ಸಿನಿಮಾಗಳನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸುವುದಿಲ್ಲ. ಅಂಥದ್ದೇ ಒಂದು ಅರ್ಧ ಗಂಟೆಯ ಕಿರುಚಿತ್ರಕ್ಕೆ ಚಿತ್ರಕಥೆ ಬರೆಯಲು ಕೂತೆ. ಈ ಸೆಳೆತ ಎಲ್ಲಿಂದ ಹುಟ್ಟುತ್ತದೆಂದು ಬಿಡಿಸಿ ನೋಡದೆ ಒಂದು ಸೀನೂ ಮುಂದೆ ಸಾಗುವಂತಿರಲಿಲ್ಲ. ಹೇಗೆ ಬಿಡಿಸಿದೆ, ಅದರಿಂದ ಏನು ಕಟ್ಟಿದೆ ಎಂಬುದನ್ನು ಬರೆಯುತ್ತಿದ್ದೇನೆ. ಇಂಥ ಕಥೆಗೆ ಕೈಹಾಕುವ ಹುಮ್ಮಸ್ಸಿರುವವರಿಗೆ ಉಪಯೋಗವಾಗಲಿ.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದುಕೊಂಡೆ. ಈ ಸೀನಿನಲ್ಲಿ ಯಾರ ಮಾತು ನಡೆಯಿತು, ಯಾರು ಹೇಳಿದ್ದು ಸರಿಯಾಯಿತು, ಸೀನು ಮುಗಿದಾಗ ಯಾರ ಋಣ ಯಾರ ಮೇಲಿದೆ. ಸಿನಿಮಾ ಒಮ್ಮೆ ಸುಮ್ಮನೆ ನೋಡುವುದು, ಆಮೇಲೆ ನಿಲ್ಲಿಸಿ ನಿಲ್ಲಿಸಿ ಕಾಲಂ ತುಂಬುವುದು. ಮೊದಲೆರಡು ಕಾಲಂ ಯಾರಾದರೂ ತುಂಬಬಹುದು. ಮೂರನೆಯದರಲ್ಲಿ ಇಡೀ ಗುಟ್ಟಿದೆ.

ಶುರು ಮಾಡಿದ್ದು 1982ರ ‘48 ಅವರ್ಸ್’ನಿಂದ. ನಿರ್ದೇಶಕ ವಾಲ್ಟರ್ ಹಿಲ್. ಎಡ್ಡಿ ಮರ್ಫಿಗೆ ಅದು ಮೊದಲ ಸಿನಿಮಾ. ಲೆಕ್ಕ ಹಿಡಿದರೆ ಅದರಲ್ಲಿ ಪೊಲೀಸ್ ಒಬ್ಬನೇ; ಇನ್ನೊಬ್ಬ ಜೈಲಿನಲ್ಲಿರುವ ಕಳ್ಳ, ಮರ್ಫಿ ಮಾಡಿದ ಪಾತ್ರ. ಸ್ಯಾನ್ ಫ್ರಾನ್ಸಿಸ್ಕೋದ ಜ್ಯಾಕ್ ಕೇಟ್ಸ್ ಎಂಬ ಒರಟು ಪೊಲೀಸ್ ರೆಗ್ಗಿ ಹ್ಯಾಮಂಡ್‌ನನ್ನು ಎರಡು ದಿನದ ಮಟ್ಟಿಗೆ ಹೊರಗೆ ತಂದು, ತಪ್ಪಿಸಿಕೊಂಡ ಹಂತಕನನ್ನು ಹುಡುಕಲು ಹೊರಡುತ್ತಾನೆ. ದಾರಿಯುದ್ದಕ್ಕೂ ಕೇಟ್ಸ್ ರೆಗ್ಗಿಯ ಕಪ್ಪು ಬಣ್ಣವನ್ನು ಹಿಡಿದು ಕೀಳುಮಾತು ಆಡುತ್ತಾನೆ. ಕೊನೆಗೊಮ್ಮೆ ಕ್ಷಮೆ ಕೇಳುವಾಗ, ಅದೆಲ್ಲ ನನ್ನ ಕೆಲಸದ ಭಾಗವಾಗಿತ್ತು ಎನ್ನುತ್ತಾನೆ. ರೆಗ್ಗಿ ಅಷ್ಟಕ್ಕೆ ಬಿಡುವುದಿಲ್ಲ. ಎಲ್ಲವನ್ನೂ ಕೆಲಸದ ತಲೆಗೆ ಕಟ್ಟಲಾಗದು ಎಂಬರ್ಥದ ಒಂದೇ ಮಾತು ಆಡುತ್ತಾನೆ, ಕೇಟ್ಸ್ ಒಪ್ಪಿಕೊಳ್ಳುತ್ತಾನೆ. ಅಲ್ಲಿಯವರೆಗಿನ ನಗು, ಹೊಡೆದಾಟ ಎಲ್ಲ ಆ ಒಪ್ಪಿಗೆಗಾಗಿ ನಡೆದ ತಯಾರಿ ಅನ್ನಿಸಿತು. ಆ ಸೀನಿನ ಮುಂದೆ ನೋಟ್‌ಬುಕ್ಕಿನಲ್ಲಿ ದೊಡ್ಡದೊಂದು ಗೆರೆ ಹಾಕಿದ್ದೇನೆ.

ಈ ಬಗೆಯ ಸಿನಿಮಾದ ಬೇರು ಹುಡುಕುವವರು ಜಪಾನಿನ ನಿರ್ದೇಶಕ ಕುರೊಸಾವನ 1949ರ ‘ಸ್ಟ್ರೇ ಡಾಗ್’ವರೆಗೆ ಹೋಗುತ್ತಾರೆ. ಬಸ್ಸಿನಲ್ಲಿ ಪಿಸ್ತೂಲು ಕಳೆದುಕೊಂಡ ಎಳೆಯ ಪೊಲೀಸ್, ಅವನ ಜೊತೆಗೊಬ್ಬ ಪಳಗಿದ ಹಿರಿಯ, ಟೋಕಿಯೋದ ಬಿರುಬೇಸಿಗೆ. 1967ರ ‘ಇನ್ ದ ಹೀಟ್ ಆಫ್ ದ ನೈಟ್’ ಕೂಡ ಇದೇ ಮನೆತನದ್ದು: ಮಿಸಿಸಿಪ್ಪಿಯ ಬಿಳಿಯ ಪೊಲೀಸ್ ಮುಖ್ಯಸ್ಥ, ಫಿಲಡೆಲ್ಫಿಯಾದಿಂದ ಬಂದ ಕಪ್ಪು ಪತ್ತೇದಾರ. ಎರಡರಲ್ಲೂ ಹಾಸ್ಯವಿಲ್ಲ. ಆದರೆ ಎಲುಬುಗೂಡು ಆಗಲೇ ತಯಾರಾಗಿತ್ತು, ಎಂಬತ್ತರ ದಶಕ ಅದಕ್ಕೆ ನಗು ತುಂಬಿತು.

ನನಗೆ ಹೆಚ್ಚು ಕಲಿಸಿದ್ದು 1987ರ ‘ಲೀಥಲ್ ವೆಪನ್’. ಬರೆದವನು ಶೇನ್ ಬ್ಲ್ಯಾಕ್, ನಿರ್ದೇಶಿಸಿದ್ದು ರಿಚರ್ಡ್ ಡಾನರ್. 50 ತುಂಬಿದ ಸಂಸಾರಸ್ಥ ಮರ್ಟಾ. ಹೆಂಡತಿ ಸತ್ತ ಮೇಲೆ ಬದುಕೇ ಬೇಡವೆನ್ನುತ್ತಿರುವ ರಿಗ್ಸ್. ಕಟ್ಟಡದ ತುದಿಯಲ್ಲಿ ನಿಂತವನನ್ನು ಇಳಿಸಲು ಹೋದ ರಿಗ್ಸ್ ಅವನ ಕೈಗೂ ತನ್ನ ಕೈಗೂ ಬೇಡಿ ಹಾಕಿಕೊಂಡು, ಕೆಳಗಿನ ಗಾಳಿಚೀಲದ ಮೇಲೆ ಇಬ್ಬರನ್ನೂ ಹಾರಿಸಿಬಿಡುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಮುಂದಿನ ಸೀನಿನಲ್ಲೇ ಮರ್ಟಾ ಅವನನ್ನು ಒಳಗೆ ಎಳೆದೊಯ್ದು, ನಿನಗೆ ನಿಜವಾಗಿ ಸಾಯಬೇಕಾ ಎಂದು ಕೇಳುತ್ತಾನೆ. ನಾಟಕವಲ್ಲ, ಈ ಮನುಷ್ಯ ನಿಜಕ್ಕೂ ಸಾಯಲು ತಯಾರಿದ್ದಾನೆ ಅಂತ ಅವನಿಗೂ ನಮಗೂ ಒಟ್ಟಿಗೆ ಅರ್ಥವಾಗುತ್ತದೆ. ಹತ್ತು ನಿಮಿಷದೊಳಗೆ ಅದೇ ಸಂಗತಿ ನಗುವಾಗಿ, ಭಯವಾಗಿ, ಕಾಳಜಿಯಾಗಿ ತಿರುಗುತ್ತದೆ. ಕೊನೆಯಲ್ಲಿ ರಿಗ್ಸ್ ತನಗಾಗಿ ಎತ್ತಿಟ್ಟುಕೊಂಡಿದ್ದ ಗುಂಡನ್ನು ಮರ್ಟಾನ ಮನೆಗೆ ಕ್ರಿಸ್‌ಮಸ್ ಉಡುಗೊರೆಯಾಗಿ ತಂದುಕೊಡುತ್ತಾನೆ. ಗೆಳೆತನ ಅನ್ನುವ ಮಾತನ್ನು ಅಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯ ಕಾಲಮ್ಮಿನ ಬೆಲೆ ನನಗೆ ಸರಿಯಾಗಿ ತಿಳಿದದ್ದು ಆ ಗುಂಡಿನಿಂದ.

ಫೈಟು, ಚೇಸು ಹೇಗಿರಬೇಕೆಂಬುದಕ್ಕೆ 1998ರ ‘ರಷ್ ಅವರ್’ ಹಿಡಿದೆ. ಹಾಂಗ್‌ಕಾಂಗ್‌ನ ಇನ್ಸ್‌ಪೆಕ್ಟರ್ ಲೀಯಾಗಿ ಜಾಕಿ ಚಾನ್, ಲಾಸ್ ಏಂಜಲೀಸ್‌ನ ಕಾರ್ಟರ್ ಆಗಿ ಕ್ರಿಸ್ ಟಕ್ಕರ್. ಒಬ್ಬನ ಬಾಯಿ ನಿಲ್ಲುವುದಿಲ್ಲ, ಇನ್ನೊಬ್ಬನ ಕೈಕಾಲು ನಿಲ್ಲುವುದಿಲ್ಲ. ಕೊನೆಯ ಹೊಡೆದಾಟದಲ್ಲಿ ಲೀಗೆ ಶತ್ರುವಿನ ಜೊತೆಗೆ ಇನ್ನೊಂದು ಕಷ್ಟ: ಪ್ರದರ್ಶನಕ್ಕಿಟ್ಟ ಬೆಲೆಬಾಳುವ ಹೂದಾನಿಗಳು ಬೀಳದಂತೆ ಹಿಡಿಯಬೇಕು. ಗೆಲ್ಲುವುದರ ಜೊತೆಗೆ ಏನನ್ನೋ ಕಾಪಾಡಲೂ ಬೇಕಾದಾಗ ಹೊಡೆದಾಟ ತಾನಾಗಿಯೇ ಹಾಸ್ಯವಾಗುತ್ತದೆ. ಆಮೇಲೆ ಮೇಲಿಂದ ಬೀಳುವ ಲೀಯನ್ನು ಕಾರ್ಟರ್ ಬಟ್ಟೆ ಚಾಚಿ ಉಳಿಸುತ್ತಾನೆ. ಋಣದ ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ.

ಇಷ್ಟನ್ನು ಇಟ್ಟುಕೊಂಡು ನಮ್ಮ ಕಡೆ ನೋಡಿದೆ. ಕನ್ನಡದಲ್ಲಿ ಪೊಲೀಸ್ ಅಂದರೆ ನಮಗೆ ಒಂಟಿ ವೀರ. 1988ರ ‘ಸಾಂಗ್ಲಿಯಾನ’ದ ಶಂಕರ್ ನಾಗ್, 1996ರ ‘ಪೊಲೀಸ್ ಸ್ಟೋರಿ’ಯ ಸಾಯಿಕುಮಾರ್, ಇಬ್ಬರನ್ನೂ ನಾನು ಶಿಳ್ಳೆ ಹೊಡೆದು ನೋಡಿದವನು. ಆದರೆ ಅಂಥ ಸಿನಿಮಾಗಳಲ್ಲಿ ಪಕ್ಕದ ಕಾನ್‌ಸ್ಟೆಬಲ್‌ಗೆ ಸಾಹೇಬರ ಮಾತಿಗೆ ಸಲ್ಯೂಟ್ ಹೊಡೆಯುವುದೇ ಕೆಲಸ, ಇಲ್ಲವಾದರೆ ಕಾಮಿಡಿ ಟ್ರ್ಯಾಕು. ಅವನಿಗೂ ತಲೆಯಿದೆ, ಅವನ ಕೆಲಸಕ್ಕೂ ಒಂದು ರೀತಿಯಿದೆ ಎಂದುಕೊಂಡರೆ ಅಲ್ಲೇ ಒಂದು ಕಥೆ ಇತ್ತು. ಹಾಗಾಗಿ ನನ್ನ ಇಬ್ಬರೂ ಕೆಳಹಂತದವರು. ರಾತ್ರಿ ಪಾಳಿಯ ಹೊಯ್ಸಳ, ಅಂದರೆ ಬೆಂಗಳೂರು ಪೊಲೀಸರ ಗಸ್ತು ಗಾಡಿ. ಬೆಂಗಳೂರನ್ನು ಅಂಗೈಯಂತೆ ಬಲ್ಲ, ಮಂಡ್ಯ ಕಡೆಯ ಒಬ್ಬ ಎಎಸ್‌ಐ. ಗಾಡಿ ಓಡಿಸುವ, ವಿಜಯಪುರ ಕಡೆಯಿಂದ ಬಂದ, ಡಿಗ್ರಿ ಓದಿದ ಕಾನ್‌ಸ್ಟೆಬಲ್.

ಉತ್ತರ ಕರ್ನಾಟಕದ ಮಾತನ್ನೇ ಜೋಕು ಮಾಡುವ ಚಾಳಿ ನಮ್ಮ ಸಿನಿಮಾದಲ್ಲಿ ಬಹಳ ಹಳೆಯದು, ನನಗದು ಸೇರುವುದಿಲ್ಲ. ಹುಡುಗನ ಮಾತು ಅವನ ಮಾತಿನಂತೆಯೇ ಇರಲಿ, ನಗು ಕೆಲಸದ ಜಗಳದಿಂದ ಬರಲಿ ಎಂದು ಮೊದಲ ದಿನವೇ ತೀರ್ಮಾನಿಸಿದೆ. ಎಎಸ್‌ಐಗೆ ಜನರೇ ಸಾಕ್ಷಿ, ಟೀ ಅಂಗಡಿಯೇ ಕಚೇರಿ, ಏನನ್ನೂ ಬರೆದಿಡುವುದಿಲ್ಲ. ಹುಡುಗ ಎಲ್ಲವನ್ನೂ ಟೈಮ್ ಹಾಕಿ ಬರೆಯುತ್ತಾನೆ, ಕ್ಯಾಮೆರಾ ಫುಟೇಜ್ ಕೇಳುತ್ತಾನೆ. ಮೊದಲ ಸೀನಿನ ಮಾತು ಹೀಗಿದೆ:

“ಅದನ್ನೆಲ್ಲಾ ಬರ್ಕೊಂಡ್ ಏನ್ ಮಾಡ್ತೀಯಪ್ಪಾ? ಆ ಟೀ ಅಂಗಡಿ ಮುಂದೆ ನಿಲ್ಸು, ತಾನಾಗೇ ಗೊತ್ತಾಗುತ್ತೆ.”

“ನಿಲ್ಲಸ್ತೀನ್ರೀ ಸರ. ಆದ್ರ ಯಾವಾಗ ನಿಲ್ಲಿಸಿದ್ವಿ ಅಂತ ಬರೀಬೇಕಲ್ಲರೀ?”

ಇದರಲ್ಲಿ ಪಂಚ್ ಡೈಲಾಗ್ ಇಲ್ಲ. ಆದರೂ ಮೊದಲ ರೀಡಿಂಗ್‌ನಲ್ಲೇ ಇಬ್ಬರು ಕಲಾವಿದರೂ ನಕ್ಕರು. ಎರಡು ಸಾಲಿನಲ್ಲಿ ಎರಡು ಬದುಕು ಎದುರುಬದುರು ನಿಂತಿವೆ.

ಜಗಳದಲ್ಲಿ ಇಬ್ಬರದೂ ಅರ್ಧರ್ಧ ಸರಿ ಇರಲೇಬೇಕು. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ. 2007ರ ‘ಹಾಟ್ ಫಜ್’ನಲ್ಲಿ ಲಂಡನ್ನಿನಿಂದ ಹಳ್ಳಿಗೆ ವರ್ಗವಾದ ನಿಕೋಲಸ್ ಏಂಜಲ್ ಕಾನೂನಿನ ಒಂದೊಂದು ಅಕ್ಷರ ಪಾಲಿಸುವವನು, ಜೊತೆಗಾರ ಡ್ಯಾನಿ ಸಿನಿಮಾದ ಪೊಲೀಸರನ್ನು ಕಂಡು ಕನಸು ಕಾಣುವವನು. ಏಂಜಲ್‌ನ ಅನುಮಾನ ನಿಜವಾಗುತ್ತದೆ, ಡ್ಯಾನಿಯ ಹುಚ್ಚೂ ಕೊನೆಗೆ ಕೆಲಸಕ್ಕೆ ಬರುತ್ತದೆ. ನಿರ್ದೇಶಕ ಎಡ್ಗರ್ ರೈಟ್ ತನ್ನ ಊರಾದ ವೆಲ್ಸ್‌ನಲ್ಲೇ ಚಿತ್ರೀಕರಿಸಿ, ಅಲ್ಲಿನ ದೊಡ್ಡ ಕೆಥೀಡ್ರಲ್ ಅನ್ನು ಕಂಪ್ಯೂಟರಿನಲ್ಲಿ ಅಳಿಸಿದ. ಊರು ಹಳ್ಳಿಯಂತೆಯೇ ಕಾಣಬೇಕಿತ್ತು. ಅದರಿಂದ ಧೈರ್ಯ ತಂದುಕೊಂಡು ನಾನೂ ನನ್ನ ಕಥೆಯನ್ನು ಎರಡು ಬಡಾವಣೆ, ಒಂದು ಹೊರವರ್ತುಲ ರಸ್ತೆಗೆ ಇಳಿಸಿದೆ.

ಕದ್ದದ್ದು ಏನಿರಬೇಕು? ಚಿನ್ನ, ಡ್ರಗ್ಸ್ ಬೇಡವೆನ್ನಿಸಿತು. ಬೇಸಿಗೆಯ ಬೆಂಗಳೂರಿನಲ್ಲಿ ಅದಕ್ಕಿಂತ ಬೇಡಿಕೆಯ ಮಾಲು ನೀರು. 6,000 ಲೀಟರ್ ತುಂಬಿದ ಟ್ಯಾಂಕರ್ ಕಳುವಾಗಿದೆ. ಅಂದರೆ ಆರು ಟನ್ ನೀರು ರಸ್ತೆಯಲ್ಲಿ ಓಡುತ್ತಿದೆ. ಅದು ಜೋರಾಗಿ ಓಡಲಾರದು, ತಕ್ಷಣ ನಿಲ್ಲಲೂ ಆರದು. ಟ್ಯಾಂಕ್ ಅರ್ಧ ಖಾಲಿಯಾಗಿದ್ದರೆ ಇನ್ನೂ ಕಷ್ಟ: ಬ್ರೇಕ್ ಒತ್ತಿದಾಗ ಒಳಗಿನ ನೀರು ಮುಂದಕ್ಕೆ ನುಗ್ಗಿ ಗಾಡಿಯನ್ನೇ ತಳ್ಳುತ್ತದೆ. ವಾಲ್ವ್ ಸೋರುತ್ತಿರುವಂತೆ ಬರೆದೆ. ನೀರು ಸೋರಿದಷ್ಟೂ ಟ್ಯಾಂಕರ್ ಹಗುರಾಗಿ ವೇಗ ಹೆಚ್ಚುತ್ತದೆ. ನಡಿಗೆಯ ವೇಗದಲ್ಲಿ ಶುರುವಾದ ಚೇಸು ನೀರು ಖಾಲಿಯಾಗುತ್ತಾ ನಿಜವಾದ ಚೇಸಾಗುತ್ತದೆ. ಬೇಗ ಅಡ್ಡಹಾಕಿ ನೀರು ಉಳಿಸಬೇಕೆಂದು ಹುಡುಗ, ಹಿಂದೆ ಹೋದರೆ ಗೋಡೌನನ್ನು ಕಳ್ಳ ತಾನೇ ತೋರಿಸುತ್ತಾನೆಂದು ಎಎಸ್‌ಐ. ದಾರಿಯಲ್ಲಿ ಜನ ಬಿಂದಿಗೆ ಹಿಡಿದು ಟ್ಯಾಂಕರಿನ ಹಿಂದೆ ಓಡುತ್ತಾರೆ. ಹೂದಾನಿಯ ಪಾಠವನ್ನು ನಾನು ಬಳಸಿದ್ದು ಇಲ್ಲಿ. ಶೂಟಿಂಗಿಗೆ ಸಂಸ್ಕರಿಸಿದ ನೀರನ್ನೇ ತುಂಬಿಸಿದೆವು. ಕುಡಿಯುವ ನೀರನ್ನು ರಸ್ತೆಗೆ ಚೆಲ್ಲಲು ಯಾರಿಗೂ ಮನಸ್ಸಿರಲಿಲ್ಲ.

ಠಾಣೆಯ ವಿವರಗಳಿಗಾಗಿ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಜೊತೆ ಹಲವು ಸಂಜೆ ಕೂತೆ. ಸರಹದ್ದಿನ ತಕರಾರು, ರಾತ್ರಿ ಹೊತ್ತು ಮಹಜರಿಗೆ ಪಂಚರನ್ನು ಹುಡುಕುವ ಪಾಡು, ವೈರ್‌ಲೆಸ್‌ನಲ್ಲಿ ಎಲ್ಲಿದ್ದೀರಿ ಎಂದು ಕೇಳಿದಾಗ ಕೊಡುವ ಉತ್ತರ, ಎಲ್ಲ ಅವರಿಂದ ಬಂದದ್ದು. ನಾನು ಕಲ್ಪಿಸಿದ್ದ ಜೋಕುಗಳಿಗಿಂತ ಅವರು ಗಂಭೀರವಾಗಿ ಹೇಳಿದ ಸಂಗತಿಗಳೇ ಹೆಚ್ಚು ಸ್ವಾರಸ್ಯವಾಗಿದ್ದವು.

ಈ ಬಗೆಯ ಸಿನಿಮಾಗಳಲ್ಲಿ ನಾನು ಖಂಡಿತ ಒಪ್ಪದ ಒಂದು ಸಂಗತಿಯಿದೆ. ಆರೋಪಿಯನ್ನು ಹಿಂಸಿಸಿ ಬಾಯಿ ಬಿಡಿಸುವುದನ್ನು ಅವು ತಮಾಷೆ ಮಾಡುತ್ತವೆ. 2013ರ ‘ದ ಹೀಟ್’ ಇಬ್ಬರು ಹೆಂಗಸರನ್ನು ಇಟ್ಟುಕೊಂಡು ಮಾಡಿದ ಚೆಂದದ ಚಿತ್ರ. ಸಾಂಡ್ರಾ ಬುಲಕ್, ಮೆಲಿಸಾ ಮೆಕಾರ್ಥಿ ನಡುವಿನ ಹೊಂದಾಣಿಕೆ ಹಂತಹಂತವಾಗಿ ಬೆಳೆಯುವುದು ನನಗೆ ಬಹಳ ಹಿಡಿಸಿತು. ಆದರೆ ಅದರಲ್ಲೂ ಒಬ್ಬನನ್ನು ಬಾಲ್ಕನಿಯಿಂದ ತಲೆಕೆಳಗಾಗಿ ಹಿಡಿದು ಬೆದರಿಸುವುದು ನಗುವಿಗೆ. ಲಾಕಪ್ಪಿನಲ್ಲಿ ಜನ ಸಾಯುವ ದೇಶದಲ್ಲಿ ಕೂತು ಆ ನಗುವನ್ನು ಬರೆಯಲು ನನ್ನಿಂದಾಗದು. ನಾನು ಹಿಡಿದದ್ದು ಬೇರೆ ದಾರಿ. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಬಂಧಿಸುವಾಗ ಅರೆಸ್ಟ್ ಮೆಮೊ ಬರೆಯಬೇಕು, ಸಾಕ್ಷಿಯ ಸಹಿ ಬೇಕು, ಬಂಧಿತನ ಕಡೆಯವರಿಗೆ ಸುದ್ದಿ ಮುಟ್ಟಿಸಬೇಕು. ನನ್ನ ಕಾನ್‌ಸ್ಟೆಬಲ್ ನಡುರಸ್ತೆಯಲ್ಲಿ, ಒದ್ದೆ ಬಟ್ಟೆಯಲ್ಲಿ, ನಡುಗುತ್ತಾ ಆ ಮೆಮೊ ಬರೆಯುತ್ತಾನೆ. ಟ್ಯಾಂಕರ್ ಕದ್ದವನು ಅಪ್ಪನಿಗೆ ಹೇಳಬೇಡಿ, ಅಕ್ಕನಿಗೆ ಹೇಳಿ ಎಂದು ಗೋಗರೆಯುತ್ತಾನೆ. ಎಎಸ್‌ಐ ಟಾರ್ಚ್ ಹಿಡಿದು ನಿಲ್ಲುತ್ತಾನೆ. ಪ್ರದರ್ಶನದ ದಿನ ಅತಿ ಜೋರಾಗಿ ನಗು ಎದ್ದದ್ದು ಈ ಸೀನಿಗೆ. ಯಾರ ಮೇಲೂ ಕೈ ಬಿದ್ದಿರಲಿಲ್ಲ.

ಋಣದ ಕಾಲಮ್ಮಿಗೆ ಬೇಕಾದ ತೂಕ ಬಂದದ್ದು ಎಎಸ್‌ಐಯ ಹಳೆಯ ಪರಿಚಯದಿಂದ. ನೀರು ಕದಿಸುತ್ತಿದ್ದವನು ಅವನು ವರ್ಷಗಟ್ಟಲೆ ನಂಬಿದ್ದ ಟ್ಯಾಂಕರ್ ಮಾಲೀಕ. ಜನರನ್ನು ಬಲ್ಲೆ ಎಂಬ ಅವನ ಶಕ್ತಿಯೇ ಅವನ ಕಣ್ಣು ಕಟ್ಟಿತ್ತು. ಸೋರುವ ವಾಲ್ವ್ ಯಾರ ಗಾಡಿಯದೆಂದು ಟೀ ಅಂಗಡಿಯವನು ಹೇಳಿರುತ್ತಾನೆ. ಅದೇ ಗಾಡಿ ಹಿಂದಿನ ರಾತ್ರಿಗಳಲ್ಲಿ ಯಾವ ಹೊತ್ತಿಗೆ ಎಲ್ಲಿತ್ತೆಂದು ಹುಡುಗನ ಪುಸ್ತಕದಲ್ಲಿದೆ. ಎರಡೂ ಸೇರಿದರೆ ಮಾತ್ರ ಕೇಸು ನಿಲ್ಲುತ್ತದೆ. ಕೊನೆಗೆ ಎಎಸ್‌ಐ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಮಾಲೀಕನ ಹೆಸರನ್ನು ತಾನೇ ಬರೆಯುತ್ತೇನೆಂದು ಪೆನ್ನು ಕೇಳುತ್ತಾನೆ. ಕಲಾವಿದರೊಬ್ಬರು ಅಲ್ಲೊಂದು ಭಾವುಕ ಮಾತು ಇರಲಿ ಎಂದರು. ಬರೆದುಕೊಟ್ಟು ಎರಡು ರೀತಿಯಲ್ಲೂ ತಾಲೀಮು ಮಾಡಿಸಿದೆ. ಪೆನ್ನು ಕೇಳುವುದಷ್ಟೇ ಸಾಕೆಂದು ಆಮೇಲೆ ಅವರೇ ಹೇಳಿದರು.

ಮುಂದಿನ ಭಾಗ ಬರೆಯುವುದು ಕಷ್ಟವೆಂದು ಈ ಸಿನಿಮಾಗಳನ್ನು ನೋಡಿದವರಿಗೆಲ್ಲ ಗೊತ್ತು. ಒಮ್ಮೆ ಇಬ್ಬರೂ ಒಂದಾದರೆ ಜಗಳಕ್ಕೆ ಏನುಳಿಯಿತು? 1989ರಲ್ಲಿ ‘ಲೀಥಲ್ ವೆಪನ್ 2’ ಬಂದಾಗ ಜೋ ಪೆಸ್ಕಿಯನ್ನು ಮೂರನೆಯವನಾಗಿ ತಂದು ನಗುವಿನ ಭಾರವನ್ನು ಅವನ ಹೆಗಲಿಗೆ ಹಾಕಿದರು. ಆ ಚಿತ್ರಕ್ಕೆ ಅದು ಒಪ್ಪಿತು. ನನಗೆ ಇಬ್ಬರ ನಡುವೆಯೇ ಹೊಸ ಜಗಳ ಬೇಕು. ಈಗ ಬರೆಯುತ್ತಿರುವ ಒನ್‌ಲೈನಿನಲ್ಲಿ ಹುಡುಗ ಪರೀಕ್ಷೆ ಪಾಸು ಮಾಡಿ ಪಿಎಸ್‌ಐ ಆಗಿದ್ದಾನೆ. ನಿನ್ನೆಯವರೆಗೆ ‘ಏನಪ್ಪಾ’ ಎಂದು ಕರೆಯುತ್ತಿದ್ದ ಎಎಸ್‌ಐ ಇನ್ನು ಅವನಿಗೆ ಸಲ್ಯೂಟ್ ಹೊಡೆದು ‘ಸರ್’ ಅನ್ನಬೇಕು. ಹುಡುಗನಿಗೋ ಅವರನ್ನು ‘ಸರ’ ಅನ್ನದೆ ಇರಲು ಬಾಯಿ ಬರುತ್ತಿಲ್ಲ. ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಯಾರು ಕೂರಬೇಕೆಂಬಲ್ಲಿಂದಲೇ ಮೊದಲ ಸೀನು ಹಿಡಿದಿದ್ದೇನೆ.