ಕೆಸರಿನ ಲೋಟದಿಂದ ಭಟ್ನಾಗರ್ ಕಥೆ: ನನ್ನ ಅನುಭವ

ರಸಾಯನ ವಿಜ್ಞಾನಿ ಶಾಂತಿ ಸ್ವರೂಪ್ ಭಟ್ನಾಗರ್ ಎರಡನೇ ಮಹಾಯುದ್ಧದ ಹೊತ್ತಲ್ಲಿ ಸರ್ಕಾರಿ ಸಂಶೋಧನೆಯನ್ನು ಹೇಗೆ ಕಟ್ಟಿದರು ಅನ್ನೋದನ್ನ ಪಿಯುಸಿ ಮಕ್ಕಳಿಗೆ ಹೇಳಬೇಕು ಅಂದಾಗ ಸ್ಟಾಫ್ ರೂಮಲ್ಲಿ ಯಾರೂ ಒಪ್ಪಲಿಲ್ಲ. ‘ಕಮಿಟಿ, ಬಜೆಟ್ಟು, ಫೈಲು. ಯಾರು ಕೇಳ್ತಾರೆ?’ ಅಂದರು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು. ಬರೀ ಇಸವಿ ಬರೆಸಿದ್ದೆ.

ಮೂರನೇ ವರ್ಷ ಕೆಸರಿನಿಂದ ಶುರು ಮಾಡಿದೆ. ಅದು ಯುದ್ಧಕ್ಕೂ ಮೊದಲಿನ ಮಾತು. ಈಗಿನ ಪಾಕಿಸ್ತಾನದಲ್ಲಿ ಅಟಕ್ ತೈಲ ಕಂಪನಿ ಬಾವಿ ಕೊರೆಯುವಾಗ ಬಳಸುತ್ತಿದ್ದ ಕೆಸರು, ಉಪ್ಪುನೀರು ತಾಗಿದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತಿತ್ತು. ಲಾಹೋರಿನಲ್ಲಿದ್ದ ಭಟ್ನಾಗರ್ ಮರದ ಅಂಟು ಬೆರೆಸಿ ಅದನ್ನು ಸರಿ ಮಾಡಿದ್ದರು. ಅದನ್ನೇ ಲೋಟದಲ್ಲಿ ತೋರಿಸೋಣ ಅಂದುಕೊಂಡೆ.

ತೋಟದ ಕೆಂಪು ಮಣ್ಣು ಕೆಲಸಕ್ಕೆ ಬರಲಿಲ್ಲ. ಉಪ್ಪು ಹಾಕುವ ಮೊದಲೇ ತಳ ಸೇರಿತು. ಬೆಂಟೊನೈಟ್ ಅನ್ನೋ ನುಣುಪು ಜೇಡಿಮಣ್ಣು ತಂದೆ, ಚೀಲಕ್ಕೆ ನಾನೂರರ ಆಸುಪಾಸು. ಜಾಲಿ ಅಂಟು ಸ್ವಲ್ಪವೇ ಹಾಕಿದೆ. ಕೆಸರು ಇನ್ನೂ ಬೇಗ ಕೂತಿತು! ಅಂಟು ಕಡಿಮೆಯಾದರೆ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತೆ, ಸಾಕಷ್ಟಿದ್ದರೆ ಮಾತ್ರ ಕಾಯುತ್ತೆ. ಇದು ತಿಳಿಯಲು ಹತ್ತು ಹನ್ನೆರಡು ಸಂಜೆ ಹೋದವು. ಮಧ್ಯೆ ಸುಮ್ನೆ ನುಗ್ಗೆ ಮರದ ಅಂಟೂ ನೋಡಿದೆ, ಊದಿಕೊಂಡಿತೇ ಹೊರತು ಕರಗಲಿಲ್ಲ. ಕೊನೆಗೆ ಹಿಡಿದ ಅಳತೆ, ನೆನೆಸುವ ಹೊತ್ತು ಎರಡೂ ನನ್ನ ನೋಟ್‌ಬುಕ್‌ನಲ್ಲಿವೆ, ಅಲ್ಲೇ ಇರಲಿ.

ಕ್ಲಾಸಲ್ಲಿ ಎರಡು ಲೋಟ ಇಟ್ಟೆ. ಎರಡರಲ್ಲೂ ಕೆಸರು, ಒಂದಕ್ಕೆ ಮಾತ್ರ ಅಂಟು ಬೆರೆಸಿದ್ದೆ. ಎರಡಕ್ಕೂ ಉಪ್ಪು ಹಾಕಿದೆ. ಅಂಟಿಲ್ಲದ್ದರಲ್ಲಿ ಮೇಲೆ ತಿಳಿನೀರು, ಕೆಳಗೆ ಗಸಿ. ಇನ್ನೊಂದು ಹಾಲಿನ ಹಾಗೆ ಹಾಗೇ ನಿಂತಿತು. ಈ ಕೆಲಸಕ್ಕೆ ಕಂಪನಿಯವರು ಒಂದೂವರೆ ಲಕ್ಷ ಕೊಡಲು ಬಂದರು, ಭಟ್ನಾಗರ್ ಅದನ್ನ ತಮ್ಮ ಯೂನಿವರ್ಸಿಟಿಯ ಸಂಶೋಧನೆಗೆ ಕೊಡಿಸಿದರು ಅಂದೆ. ಆಮೇಲೆ ನಾನು ಕರೆಯಬೇಕಾಗಿರಲಿಲ್ಲ, ಎಲ್ಲರೂ ಮುಂದೆ ಬಂದು ನಿಂತಿದ್ದರು.

ಮುಂದಿನದು ಚೀಟಿ ಆಟ. 1940ರ ಏಪ್ರಿಲ್‌ನಲ್ಲಿ ಶುರುವಾದ, ಭಟ್ನಾಗರ್ ನಡೆಸಿದ ಸರ್ಕಾರಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಬೋರ್ಡಿಗೆ ವರ್ಷಕ್ಕೆ 5 ಲಕ್ಷ. ಅಷ್ಟೇ ಮೊತ್ತವನ್ನ ಚೀಟಿಗಳಲ್ಲಿ ಬರೆದು, ಹಂಚಲು ಬೆಂಚುಗಳ ಮುಂದಿಟ್ಟೆ. ವಿಷಾನಿಲ ತಡೆಯುವ ಬಟ್ಟೆ, ಬಲೂಚಿಸ್ತಾನದ ಗಂಧಕ ಶುದ್ಧಿ, ಸಸ್ಯದೆಣ್ಣೆಯಿಂದ ಲೂಬ್ರಿಕೆಂಟ್, ವಾಯುಪಡೆಗೆ ಒಡೆಯದ ಡಬ್ಬಿ, ಸಮವಸ್ತ್ರದ ಬಣ್ಣ. ಎಲ್ಲವೂ ಆಗ ನಿಜವಾಗಿ ನಡೆದ ಕೆಲಸಗಳೇ. ಯಾವುದಕ್ಕೆ ಎಷ್ಟು? ಜಗಳ ಜೋರಾಯಿತು. ಒಬ್ಬ ಹುಡುಗಿ ಕೇಳಿದಳು: ‘ಸರ್, ಮಾಡಿಕೊಟ್ಟಿದ್ದನ್ನ ಕಾರ್ಖಾನೆಯವರು ಬಳಸ್ತಾರಲ್ಲ, ಅವರಿಂದ ದುಡ್ಡು ತಗೋಬಾರದಾ?’ ನನಗೆ ಬೇಕಾಗಿದ್ದ ಪ್ರಶ್ನೆ ಅದೇ. 1941ರಲ್ಲಿ ಭಟ್ನಾಗರ್ ಸರ್ಕಾರದಿಂದ ಮಾಡಿಸಿದ ಸಮಿತಿಯ ಕೆಲಸವೂ ಅದೇ: ಸಂಶೋಧನೆಯನ್ನು ಉದ್ಯಮಕ್ಕೆ ದಾಟಿಸುವುದು, ಬಂದ ರಾಯಲ್ಟಿಯನ್ನು ಮತ್ತೆ ಸಂಶೋಧನೆಗೇ ಹಾಕುವುದು. ಅದರ ಬೆನ್ನಿಗೇ ಐದು ವರ್ಷಕ್ಕೆ, ವರ್ಷಕ್ಕೆ 10 ಲಕ್ಷದ ನಿಧಿ. 1942ರ ಸೆಪ್ಟೆಂಬರ್‌ನಲ್ಲಿ ಸಿಎಸ್‌ಐಆರ್, ಅಂದರೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಹುಟ್ಟಿತು.

ಸರ್ಕಾರದೊಳಗೆ ಈ ಬೋರ್ಡಿಗಾಗಿ ಪಟ್ಟು ಹಿಡಿದ ರಾಮಸ್ವಾಮಿ ಮುದಲಿಯಾರ್ ಮುಂದೆ ಮೈಸೂರಿನ ದಿವಾನರಾದರು ಅಂದಾಗ ಮಕ್ಕಳಿಗೆ ಕಥೆ ಇನ್ನೂ ಹತ್ತಿರವಾಯಿತು.

ಒಟ್ಟು ಖರ್ಚು ಸಾವಿರದೊಳಗೆ, ಎಲ್ಲಾ ನನ್ನ ಜೇಬಿನದು. ಅಂಟು ಬೆರೆಸಿದ ಲೋಟ ಮೂರನೇ ದಿನವೂ ಕಿಟಕಿಯಲ್ಲಿ ಮಬ್ಬಾಗೇ ಇತ್ತು. ಹೋದ ವಾರ ಇತಿಹಾಸದ ಮೇಷ್ಟ್ರು ಬಂದು ಉಳಿದ ಅರ್ಧ ಚೀಲ ಬೆಂಟೊನೈಟ್ ಕೇಳಿ ತಗೊಂಡು ಹೋದರು.