ಶುಶ್ರೂಷಾ ವಿದ್ಯಾರ್ಥಿಗಳಿಗೆ ವಾರ್ಡಿನ ಇಂಗ್ಲಿಷ್ ಕಲಿಸುವ ಬಗೆ

ಜಗಳೂರು, ಹೊನ್ನಾಳಿ, ಚನ್ನಗಿರಿಯ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ದಾವಣಗೆರೆಗೆ ನರ್ಸಿಂಗ್ ಕಲಿಯಲು ಬರುವವರು ಮುಂದೆ ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ವಿದೇಶಿ ರೋಗಿಗಳನ್ನು ನೋಡಿಕೊಳ್ಳಬೇಕಾಗಬಹುದು. ಅವರಿಗೆ ಕಲಿಸುವ ಇಂಗ್ಲಿಷ್ ವ್ಯಾಕರಣದಿಂದಲ್ಲ, ಅವರ ಕನ್ನಡದಿಂದಲೇ ಆರಂಭವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಪಾಠ ದೇಹದ್ದಾಗಿರಲಿ. ತೋಳು, ಪಾದ ಎಂಬ ಪದಗಳಿದ್ದರೂ ದಿನನಿತ್ಯದ ಮಾತಿನಲ್ಲಿ ನಾವು ಭುಜದಿಂದ ಬೆರಳ ತುದಿಯವರೆಗೆ ‘ಕೈ’ ಎಂದೇ, ತೊಡೆಯಿಂದ ಅಂಗಾಲಿನವರೆಗೆ ‘ಕಾಲು’ ಎಂದೇ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಮಣಿಕಟ್ಟಿನಿಂದ ಮೇಲೆ ಆರ್ಮ್, ಮುಂದಕ್ಕೆ ಹ್ಯಾಂಡ್. ಕಣಕಾಲಿನಿಂದ ಮೇಲೆ ಲೆಗ್, ಕೆಳಗೆ ಫುಟ್. ಬೆರಳು ಕೈಯಲ್ಲಿದ್ದರೆ ಫಿಂಗರ್, ಕಾಲಿನಲ್ಲಿದ್ದರೆ ಟೋ. ಮಧುಮೇಹಿಯ ಪಾದದ ಹುಣ್ಣನ್ನು ‘ಲೆಗ್’ ಎಂದು ದಾಖಲಿಸಿದರೆ ಮುಂದಿನ ಪಾಳಿಯವರು ದಾರಿ ತಪ್ಪುತ್ತಾರೆ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಮೈಯನ್ನೇ ಮುಟ್ಟಿ ಹೆಸರು ಹೇಳುವ ಅಭ್ಯಾಸ ಒಂದು ವಾರವಾದರೂ ನಡೆಯಲಿ.

ನೋವಿನ ಪದಗಳಿಗೂ ಇದೇ ಕ್ರಮ. ಚುಚ್ಚುವುದು, ಉರಿಯುವುದು, ಸಿಡಿಯುವುದು ಎಂಬ ಭೇದ ಅವರಿಗೆ ಮನೆಯಿಂದಲೇ ಗೊತ್ತಿರುತ್ತದೆ. ಸ್ಟ್ಯಾಬಿಂಗ್, ಬರ್ನಿಂಗ್, ಥ್ರಾಬಿಂಗ್ ಎಂಬವನ್ನು ಅವುಗಳ ಪಕ್ಕದಲ್ಲಿ ಇಟ್ಟರೆ ಸಾಕು. ರೋಗಿ ‘ಪಿನ್ಸ್ ಆ್ಯಂಡ್ ನೀಡಲ್ಸ್’ ಎಂದರೆ ನಮ್ಮ ಜೋಮು.

ಹೆಚ್ಚು ಗಮನ ಕೊಡಬೇಕಾದದ್ದು ವಿನಯಕ್ಕೆ. ‘ಕೂತ್ಕೊಳ್ರಿ’, ‘ಅಂಗಿ ಬಿಚ್ರಿ’ ಎನ್ನುವಾಗ ಗೌರವವೆಲ್ಲ ಆ ‘ರಿ’ಯಲ್ಲಿರುತ್ತದೆ, ಪದಕ್ಕೆ ಪದ ಇಟ್ಟು ‘ಸಿಟ್’, ‘ರಿಮೂವ್ ಶರ್ಟ್’ ಎಂದರೆ ಗೌರವ ಉದುರಿ ಬರಿಯ ಆಜ್ಞೆ ಉಳಿಯುತ್ತದೆ. ಒರಟುತನ ಹುಡುಗಿಯದಲ್ಲ, ಅನುವಾದದ್ದು. ಆದರೆ ನೋವಿನಲ್ಲಿರುವ ರೋಗಿಗೆ ಅದು ಹೇಗೆ ತಿಳಿಯಬೇಕು? ‘ಕುಡ್ ಯು ಪ್ಲೀಸ್’ ಎಂಬುದೇ ಇಂಗ್ಲಿಷಿನ ‘ರಿ’ ಎಂದು ಹೇಳಿಕೊಟ್ಟರೆ ಅವರು ಮರೆಯುವುದಿಲ್ಲ.

ಫಿಫ್ಟೀನ್, ಫಿಫ್ಟಿಗಳು ಕಿವಿಗೆ ಒಂದೇ ಆಗಿ ಕೇಳಿಸುವುದರಿಂದ ಔಷಧದ ಪ್ರಮಾಣವನ್ನು ‘ಒನ್ ಫೈವ್’, ‘ಫೈವ್ ಝೀರೊ’ ಎಂದು ಬಿಡಿಸಿಯೂ ಹೇಳಿಸಬೇಕು. ಯೆಮೆನ್, ಇರಾಕ್‌ಗಳಿಂದ ಬರುವ ರೋಗಿಗಳಿಗೆ ಇಂಗ್ಲಿಷ್ ಸ್ವಂತ ಭಾಷೆಯಲ್ಲವಾದ್ದರಿಂದ ವಾಕ್ಯಗಳು ಚಿಕ್ಕದಾಗಿರಲಿ. ‘ಅರ್ಥವಾಯಿತೆ’ ಎಂದು ಕೇಳುವ ಬದಲು, ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳುತ್ತೀರೆಂದು ಅವರ ಬಾಯಿಂದಲೇ ಹೇಳಿಸಲಿ.

ವಾರದ ಕೊನೆಗೆ ಪಾತ್ರಾಭಿನಯ ಇರಲಿ. ಆರೋಗ್ಯ ವೃತ್ತಿಯವರ ಇಂಗ್ಲಿಷನ್ನು ಅಳೆಯುವ, ವಿದೇಶಗಳಲ್ಲಿ ಮಾನ್ಯವಾಗಿರುವ ಒ.ಇ.ಟಿ. ಪರೀಕ್ಷೆಯ ಮಾತಿನ ಭಾಗದಲ್ಲಿಯೂ ಸುಮಾರು 5 ನಿಮಿಷಗಳ 2 ಪಾತ್ರಾಭಿನಯಗಳಿರುತ್ತವೆ. ಒಬ್ಬರು ರೋಗಿ, ಒಬ್ಬರು ದಾದಿ. ಮೂರನೆಯವರು ರೋಗಿಗೆ ಎಲ್ಲಿ ಅರ್ಥವಾಗಲಿಲ್ಲ ಎಂಬುದನ್ನು ಮಾತ್ರ ಬರೆದುಕೊಳ್ಳಲಿ, ಶಿಕ್ಷಕರು ನಡುವೆ ವ್ಯಾಕರಣ ತಿದ್ದದಿರಲಿ.