ಘಟ್ಟ ಹತ್ತುವ 535: ಕ್ಲಾಸಿಕ್ 500ರ ಬೋರ್ ಹೆಚ್ಚಿಸಿದ ನನ್ನ ಅನುಭವ

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500 ಬೈಕಿನ ಬೋರ್ (ಪಿಸ್ಟನ್ ಓಡುವ ಸಿಲಿಂಡರಿನ ಒಳ ಅಗಲ) 84 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 90. ಸ್ಟ್ರೋಕ್ ಮುಟ್ಟದೆ ಬೋರ್ ಒಂದನ್ನೇ 87ಕ್ಕೆ ಏರಿಸಿದರೆ 499 ಸಿಸಿ ಇದ್ದದ್ದು 535 ಆಗುತ್ತದೆ. ಕಾಂಟಿನೆಂಟಲ್ ಜಿಟಿ 535ರಲ್ಲಿ ಕಂಪನಿಯೇ ಕೊಟ್ಟ ಅಳತೆ ಇದು. ಕಂಪನಿ ಲೆಕ್ಕದ ಪ್ರಕಾರ 4000 ಆರ್‌ಪಿಎಂನಲ್ಲಿ 500ರ ಟಾರ್ಕ್ (ಎಂಜಿನ್ ತಿರುಗಿಸುವ ಬಲ) 41.3 ನ್ಯೂಟನ್ ಮೀಟರ್, ಜಿಟಿಯದು 44. ಕಾಗದದ ಮೇಲೆ ಸಣ್ಣ ಅಂತರ. ಆದರೆ ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ, ಹಿಂದೆ ಒಬ್ಬರು ಕೂತು ಎರಡೂ ಬದಿಗೆ ಚೀಲ ಕಟ್ಟಿದ್ದಾಗ, ಮೂರನೇ ಗೇರಿನಲ್ಲೇ 2500ರಿಂದ 3500ರ ನಡುವೆ ಗಾಡಿ ಎಳೆಯಬೇಕೆಂದರೆ ಈ ಅಂತರ ಚೆನ್ನಾಗಿಯೇ ತಿಳಿಯುತ್ತದೆ. ಸ್ಟ್ರೋಕ್ ಬದಲಾಗದ ಕಾರಣ ಪಿಸ್ಟನ್ನಿನ ಸರಾಸರಿ ವೇಗವೂ ಬದಲಾಗದು. 5500 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 16.5 ಮೀಟರ್, ಈ ಎಂಜಿನ್ನಿಗೆ ಅಷ್ಟು ಸಾಕು. ಹೆಚ್ಚು ತಿರುಗಿಸಿ ಪವರ್ ತೆಗೆಯುವ ದಾರಿಗಿಂತ ಬೋರ್ ಹೆಚ್ಚಿಸುವ ದಾರಿಯನ್ನು ನಾನು ಆರಿಸಿಕೊಂಡದ್ದು ಇದೇ ಕಾರಣಕ್ಕೆ.

ಬ್ಲಾಕ್, ಅಂದರೆ ಬೋರ್ ಇರುವ ಸಿಲಿಂಡರ್ ಭಾಗ, ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು), ಶಾಖ, ಪೆಟ್ರೋಲು ಈ ಮೂರನ್ನೂ ಹೊಸ ಸಿಸಿಗೆ ಹೊಂದಿಸುವುದೇ ಕಷ್ಟದ್ದು. ಹೆಚ್ಚಿನ ಎಂಜಿನ್‌ಗಳು ಕೆಡುವುದೂ ಅಲ್ಲೇ.

ಮೊದಲು ಕಾನೂನಿನ ಮಾತು. ಆರ್‌ಸಿಯಲ್ಲಿ ಬರೆದ ಸಿಸಿ ಬದಲಾದರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಕಾರವಾರವಿರಲಿ, ಶಿರಸಿಯಿರಲಿ, ಎಂಜಿನ್ ಬಿಚ್ಚುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ. ಅಪಘಾತವಾದ ಮೇಲೆ ಸಮಜಾಯಿಷಿ ಕೊಟ್ಟರೆ ಯಾರೂ ಒಪ್ಪುವುದಿಲ್ಲ.

ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಬಿಚ್ಚುವ ಮುನ್ನ ಎಂಜಿನ್ನಿನ ಕೆಳಭಾಗ ಆರೋಗ್ಯವಾಗಿದೆಯೇ ನೋಡಿಕೊಳ್ಳಬೇಕು. ಈ ಎಂಜಿನ್ನಿನಲ್ಲಿ ಸ್ಟಾರ್ಟ್ ಮಾಡುವಾಗ ಎಕ್ಸಾಸ್ಟ್ ವಾಲ್ವನ್ನು ತುಸು ಎತ್ತುವ ಆಟೋ ಡಿಕಂಪ್ರೆಸರ್ ಇರುವುದರಿಂದ ಕಂಪ್ರೆಷನ್ ಗೇಜ್ ತೋರಿಸುವ ಅಂಕಿಯನ್ನು ನೆಚ್ಚುವಂತಿಲ್ಲ. ಸಿಲಿಂಡರಿಗೆ ಕಂಪ್ರೆಸರ್ ಗಾಳಿ ಬಿಟ್ಟು ಸೋರಿಕೆ ನೋಡುವುದೇ ಸರಿ. ಆಮೇಲೆ ಬ್ಲಾಕ್ ತೆಗೆದು, ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಅಕ್ಕಪಕ್ಕ ಜರಗಿದರೆ ತೊಂದರೆಯಿಲ್ಲ, ಅದು ಇರಲೇಬೇಕು. ಮೇಲೆ ಕೆಳಗೆ ಕೈಗೆ ಸಿಗುವಷ್ಟು ಆಟ ಇದ್ದರೆ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಮುಗಿದಂತೆ. ಅದರ ಮೇಲೆ 87ರ ಪಿಸ್ಟನ್ ಕೂರಿಸಬೇಡಿ. ಡ್ರೈನ್ ಬೋಲ್ಟಿನಲ್ಲಿ ಲೋಹದ ಚೂರು ಸಿಕ್ಕರೂ ಅಷ್ಟೇ, ಎಲ್ಲಿಂದ ಬಂತೆಂದು ತಿಳಿಯದೆ ಮುಂದುವರಿಯುವುದು ಬೇಡ.

ಹಳೆಯ ಬ್ಲಾಕಿನ ಲೈನರನ್ನೇ (ಒಳಗೋಡೆಯ ಕೊಳವೆಯನ್ನೇ) 84ರಿಂದ 87ಕ್ಕೆ ಕೊರೆಸಿಬಿಡೋಣ ಎನ್ನುವವರಿದ್ದಾರೆ. ಸುತ್ತಲೂ ಒಂದೂವರೆ ಮಿ.ಮೀ. ಗೋಡೆ ಹೋಗುತ್ತದೆ, ಬಿಸಿಯಾದಾಗ ಬೋರ್ ದುಂಡಗೆ ಉಳಿಯುವುದಿಲ್ಲ. ಜಿಟಿಯ ಬ್ಲಾಕ್, ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಒಂದೇ ಸೆಟ್ ಆಗಿ ತರುವುದು ಒಳ್ಳೆಯದು. ಸವೆದ ಬ್ಲಾಕ್ ಸಿಕ್ಕಿದ್ದರೆ ಓವರ್‌ಸೈಜ್ ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರಿಂಗಿಗೆ ಕೊಡಿ. ಬೋರ್ ಕೊರೆಯಬೇಕಾದದ್ದು ಡಬ್ಬಿಯ ಮೇಲಿನ ಅಂಕಿಗಲ್ಲ, ಆ ಪಿಸ್ಟನ್ನಿಗೆ. ಪಿಸ್ಟನ್, ಪಿನ್, ರಿಂಗ್, ಲಾಕ್ ಎಲ್ಲ ಸೇರಿಸಿ ಹಳೆಯದನ್ನೂ ಹೊಸದನ್ನೂ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ವ್ಯತ್ಯಾಸ 10–15 ಗ್ರಾಂ ಒಳಗಿದ್ದರೆ ನಾನು ಹಾಗೇ ಬಿಡುತ್ತೇನೆ. ಅದಕ್ಕಿಂತ ಭಾರವಿದ್ದರೆ ಕ್ರ್ಯಾಂಕ್ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು, ಇಲ್ಲದಿದ್ದರೆ ಹ್ಯಾಂಡಲ್ ಮತ್ತು ಫುಟ್‌ರೆಸ್ಟಿನ ನಡುಕಕ್ಕೆ ದೂರದ ಸವಾರಿ ಸಾಧ್ಯವಾಗುವುದಿಲ್ಲ.

ಅಳತೆಯ ವಿಷಯದಲ್ಲಿ ಆತುರ ಬೇಡ. 87 ಮಿ.ಮೀ. ಪಿಸ್ಟನ್ ಒಂದು ಡಿಗ್ರಿ ಬಿಸಿಗೆ 0.002 ಮಿ.ಮೀ. ಹತ್ತಿರ ಹಿಗ್ಗುತ್ತದೆ. ಬಿಸಿಲಿನಲ್ಲಿದ್ದ ಪಿಸ್ಟನ್ನನ್ನೂ ನೆರಳಲ್ಲಿದ್ದ ಬ್ಲಾಕನ್ನೂ ಅಳೆದು ಕೂಡಿ ಕಳೆದರೆ 0.02 ಮಿ.ಮೀ. ತಪ್ಪುವುದು ಸುಲಭ. ಅದು ಇಡೀ ಕ್ಲಿಯರೆನ್ಸಿನ, ಅಂದರೆ ಪಿಸ್ಟನ್ನಿಗೂ ಬೋರಿಗೂ ನಡುವಿನ ಸಡಿಲದ, ಮೂರನೇ ಒಂದು ಭಾಗ! ಎರಡನ್ನೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿಟ್ಟು ಬೆಳಿಗ್ಗೆ ಅಳೆಯಿರಿ. ಪಿಸ್ಟನ್ನಿನ ಅಳತೆ ಪಿನ್ನಿಗೆ ಅಡ್ಡಲಾಗಿ, ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗದ ಗೋಡೆಯ) ಕೆಳ ಅಂಚಿನಿಂದ 10–15 ಮಿ.ಮೀ. ಮೇಲೆ. ಬೋರಿನ ಅಳತೆ ಮೇಲೆ, ನಡುವೆ, ಕೆಳಗೆ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ. ಎರಕದ ಪಿಸ್ಟನ್ ಆದರೆ 0.04ರಿಂದ 0.06 ಮಿ.ಮೀ. ಸಡಿಲ, ಫೋರ್ಜ್ಡ್ ಪಿಸ್ಟನ್ ಆದರೆ 0.08ರಿಂದ 0.10. ಪಿಸ್ಟನ್ ತಯಾರಿಸಿದವರ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ ಬಿಗಿಯಾದ ತುದಿಗಿಂತ ಸಡಿಲದ ತುದಿ ಕ್ಷೇಮ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪಿಸ್ಟನ್ ತುಸು ಟಕಟಕ ಅಂದರೆ ಏನೂ ಆಗುವುದಿಲ್ಲ. ಘಟ್ಟದ ನಡುವೆ ಪಿಸ್ಟನ್ ಬೋರಿಗೆ ಕಚ್ಚಿ ಹಿಡಿದುಕೊಂಡರೆ ಆಗುತ್ತದೆ.

ಬೋರಿಂಗ್ (ಬೋರ್ ಕೊರೆಯುವುದು), ಹೋನಿಂಗ್ (ಕಲ್ಲಿನಿಂದ ಬೋರಿನ ಒಳಗೋಡೆ ಉಜ್ಜುವುದು) ಮಾಡುವಾಗ ಬ್ಲಾಕಿಗೆ ಟಾರ್ಕ್ ಪ್ಲೇಟ್ ಹಾಕಿದ್ದಾರೆಯೇ ಎಂದು ಕೇಳಿ. ಹೆಡ್ ಬಿಗಿದಾಗ ಬೋರು ಸೊಟ್ಟಗಾಗುವಷ್ಟೇ ಸೊಟ್ಟವನ್ನು ಕೊರೆಯುವಾಗಲೂ ಕೊಡುವ ದಪ್ಪ ಉಕ್ಕಿನ ಪಟ್ಟಿ ಅದು. ಕ್ರ್ಯಾಂಕ್‌ಕೇಸಿನಿಂದ ಎದ್ದ ಸ್ಟಡ್‌ಗಳು ಬ್ಲಾಕಿನ ಮೂಲಕ ಹೋಗಿ ಹೆಡ್ಡನ್ನು ಹಿಡಿಯುವ ಎಂಜಿನ್ನಿನಲ್ಲಿ ಮೇಲೊಂದು ಕೆಳಗೊಂದು ಪ್ಲೇಟ್ ಬೇಕು. ಊರಿನ ಲೇಥಿನಲ್ಲಿ ಇಲ್ಲದಿದ್ದರೆ ಹುಬ್ಬಳ್ಳಿಗೆ ಒಯ್ಯುವುದರಲ್ಲಿ ನಷ್ಟವಿಲ್ಲ. ಹೋನಿಂಗಿನ ಗೀರುಗಳು ಸುಮಾರು 45 ಡಿಗ್ರಿ ಕೋನದಲ್ಲಿ ಒಂದನ್ನೊಂದು ದಾಟಬೇಕು.

ಬ್ಲಾಕ್ ವಾಪಸ್ ಬಂದ ಮೇಲೆ ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿ ಮುಗಿಸಬೇಡಿ. ಹೋನಿಂಗ್ ಕಲ್ಲಿನ ಪುಡಿ ಗೀರಿನೊಳಗೆ ಕೂತಿರುತ್ತದೆ, ಎಣ್ಣೆಗೆ ಅದು ಬರುವುದಿಲ್ಲ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬ್ರಷ್. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಉಳಿಯುವವರೆಗೆ ತಿಕ್ಕಬೇಕು. ಆಮೇಲೆ ತಡಮಾಡದೆ ಗಾಳಿ ಹೊಡೆದು ಎಂಜಿನ್ ಆಯಿಲ್ ಸವರಿ. ನಮ್ಮ ಕರಾವಳಿಯ ತೇವದಲ್ಲಿ ಒಣ ಕಬ್ಬಿಣದ ಬೋರು ಚಹಾ ಕುಡಿದು ಬರುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ.

ರಿಂಗ್ ಪಿಸ್ಟನ್ನಿಗೆ ಹಾಕುವ ಮೊದಲು ಒಂದೊಂದನ್ನೇ ಬೋರಿನೊಳಗಿಟ್ಟು, ಪಿಸ್ಟನ್ ತಲೆಯಿಂದ ನೇರಕ್ಕೆ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಿ. ಮೇಲಿನ ರಿಂಗಿಗೆ 0.35ರಿಂದ 0.40, ಎರಡನೆಯದಕ್ಕೆ 0.45. ಸಂದು ಕಡಿಮೆಯಿದ್ದರೆ ಬಿಸಿಯಲ್ಲಿ ರಿಂಗಿನ ಎರಡು ತುದಿ ಕೂಡಿಕೊಂಡು ಬೋರನ್ನು ಕೆರೆಯುತ್ತವೆ. ಒಂದೇ ತುದಿಯನ್ನು, ಹೊರಗಿನಿಂದ ಒಳಕ್ಕೆ ಮಾತ್ರ ಅರದಿಂದ ಉಜ್ಜಿ.

ಇನ್ನು ಕಂಪ್ರೆಷನ್. ಇದನ್ನು ಲೆಕ್ಕ ಹಾಕದೆ ಎಂಜಿನ್ ಕೂಡಿಸುವವರೇ ಹೆಚ್ಚು. 500ರ ಕಂಪ್ರೆಷನ್ 8.5. ಅಂದರೆ ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ 499 ಭಾಗಿಸು 7.5, ಸುಮಾರು 66.5 ಸಿಸಿ. ಆ ಜಾಗ ಅಷ್ಟೇ ಇದ್ದು ಸಿಸಿ 535 ಆದರೆ ಕಂಪ್ರೆಷನ್ ತಾನಾಗಿಯೇ 9.05ಕ್ಕೆ ಏರುತ್ತದೆ. 8.5ಕ್ಕೇ ನಿಲ್ಲಿಸಬೇಕಾದರೆ ಜಾಗ 71.3 ಸಿಸಿ ಬೇಕು. ಬ್ಲಾಕಿನ ಅಡಿಯ ಬೇಸ್ ಗ್ಯಾಸ್ಕೆಟ್ ಅರ್ಧ ಮಿ.ಮೀ. ದಪ್ಪವಾದರೆ ಈ ಬೋರಿನಲ್ಲಿ 3 ಸಿಸಿ ಸಿಗುತ್ತದೆ, 9.05 ಇದ್ದದ್ದು 8.7ಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಇಬ್ಬರು ಕೂತು ಘಟ್ಟ ಹತ್ತುವ ಗಾಡಿಗೆ, ಯಾವ ಬಂಕಿನ ಪೆಟ್ರೋಲಾದರೂ ಕುಡಿಯಬೇಕಾದ ಗಾಡಿಗೆ, ನಾನು 8.7 ದಾಟುವುದಿಲ್ಲ. 9.5ಕ್ಕೆ ಒಯ್ದರೆ ತಣ್ಣಗಿರುವಾಗ ಪಿಕಪ್ ಚೆನ್ನಾಗಿರುತ್ತದೆ, ಘಟ್ಟದ ನಾಲ್ಕನೇ ತಿರುವಿಗೆ ನಾಕಿಂಗ್ (ಮಿಶ್ರಣ ಹದತಪ್ಪಿ ಸಿಡಿಯುವುದು) ಶುರುವಾಗುತ್ತದೆ. ಜಾಗದ ಅಳತೆಗೆ ದೊಡ್ಡ ಸಾಧನ ಬೇಕಿಲ್ಲ. ನಡುವೆ ತೂತಿರುವ ಅಕ್ರಿಲಿಕ್ ತುಂಡು, ಅಂಚಿಗೆ ಗ್ರೀಸ್, ಔಷಧಿ ಅಂಗಡಿಯ ದೊಡ್ಡ ಸಿರಿಂಜಿನಲ್ಲಿ ತೆಳು ಎಣ್ಣೆ. ಹೆಡ್ಡಿನ ಗುಂಡಿ, ಗ್ಯಾಸ್ಕೆಟ್ ದಪ್ಪ, ಪಿಸ್ಟನ್ ತಲೆಯ ಆಕಾರ ಎಲ್ಲವನ್ನೂ ಕೂಡಿಸಿಯೇ ಲೆಕ್ಕ.

ಹೆಡ್ ಗ್ಯಾಸ್ಕೆಟ್ 84ರದ್ದು ಹಾಕಿದರೆ ಅದರ ಒಳ ಅಂಚು ಸುತ್ತಲೂ ಒಂದೂವರೆ ಮಿ.ಮೀ. ಬೋರಿನೊಳಗೆ ಚಾಚಿಕೊಳ್ಳುತ್ತದೆ. ಆ ಅಂಚು ಕೆಂಪಗೆ ಕಾದು, ಪ್ಲಗ್ ಕಿಡಿ ಕೊಡುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹೊತ್ತಿಸುತ್ತದೆ. ಪಿಸ್ಟನ್ ತಲೆಯಲ್ಲಿ ತೂತು ಬೀಳುವುದಕ್ಕೆ ಇಷ್ಟೇ ಸಾಕು.

ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ನೋಡುವಲ್ಲಿ ಈ ಎಂಜಿನ್ ಮೋಸ ಮಾಡಬಲ್ಲದು. ಮಕ್ಕಳ ಮೇಣದ ಜೇಡಿಯನ್ನು ಪಿಸ್ಟನ್ ಮೇಲೆ ಒತ್ತಿ ಕ್ರ್ಯಾಂಕ್ ತಿರುಗಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಇಲ್ಲಿ ವಾಲ್ವನ್ನು ತೆರೆಯುವ ದಾರಿಯಲ್ಲಿ ಎಣ್ಣೆಯ ಒತ್ತಡದಿಂದ ನಿಲ್ಲುವ ಹೈಡ್ರಾಲಿಕ್ ಲಿಫ್ಟರ್ ಇದೆ. ಕೈಯಲ್ಲಿ ನಿಧಾನ ತಿರುಗಿಸುವಾಗ ವಾಲ್ವ್ ಸ್ಪ್ರಿಂಗಿನ ಒತ್ತಡಕ್ಕೆ ಲಿಫ್ಟರ್ ಕುಗ್ಗುತ್ತದೆ, ವಾಲ್ವ್ ಪೂರ್ತಿ ತೆರೆಯುವುದಿಲ್ಲ, ಜೇಡಿ ದಪ್ಪಗೆ ಉಳಿಯುತ್ತದೆ. ಅಂತರ ಬೇಕಾದಷ್ಟಿದೆ ಎಂದು ತೋರುತ್ತದೆ. ಪರೀಕ್ಷೆಯ ಹೊತ್ತಿಗೆ ವಾಲ್ವುಗಳಿಗೆ ಮೆತ್ತಗಿನ ಸ್ಪ್ರಿಂಗ್ ಹಾಕಿದರೆ ಲಿಫ್ಟರ್ ಕುಗ್ಗದು, ಅಳತೆ ನಿಜ ಬರುತ್ತದೆ. ಇನ್‌ಟೇಕಿಗೆ 1.5, ಎಕ್ಸಾಸ್ಟಿಗೆ 2 ಮಿ.ಮೀ.ಗಿಂತ ಕಡಿಮೆ ಇರಬಾರದು. ಕೊನೆಗೆ ಹೆಡ್ ಬಿಗಿದ ಮೇಲೂ ಕೂಡಲೇ ಕಿಕ್ ಹೊಡೆಯಬೇಡಿ. ಎಣ್ಣೆ ತುಂಬಿ ಹಿಗ್ಗಿದ ಲಿಫ್ಟರ್ ವಾಲ್ವನ್ನು ತೆರೆದೇ ಹಿಡಿದಿರುತ್ತದೆ. ಲಿಫ್ಟರ್ ಮೇಲಿನ ಪುಷ್‌ರಾಡ್ ಬೆರಳಿಗೆ ತಿರುಗುವವರೆಗೆ ಕಾಯಬೇಕು.

ಸ್ಟಡ್‌ಗಳಲ್ಲಿ ಉಪ್ಪುಗಾಳಿಯ ಕೆಲಸ ಕಾಣುತ್ತದೆ. ಕಾರವಾರ, ಅಂಕೋಲಾದ ಗಾಡಿಗಳಲ್ಲಿ ಬ್ಲಾಕಿನ ತೂತಿನೊಳಗೆ ಸ್ಟಡ್ಡಿನ ಸುತ್ತ ಬಿಳಿ ಪುಡಿ ಕಟ್ಟಿರುತ್ತದೆ. ತುಕ್ಕು ಹಿಡಿದು ಸೊಂಟ ಸಣ್ಣಗಾದ ಸ್ಟಡ್ ಬದಲಿಸಿ. ಅಡ್ಡಡ್ಡ ಜೋಡಿಯಾಗಿ, ಮೂರು ಹಂತದಲ್ಲಿ, ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ. ಎಳೆಗೆ ಗ್ರೀಸ್ ಸವರಿದ್ದರೆ ಅದೇ ಅಂಕಿಯಲ್ಲಿ ಹೆಚ್ಚು ಬಿಗಿ ಬೀಳುತ್ತದೆ, ಮರೆಯಬಾರದು.

ಪೆಟ್ರೋಲಿನ ಲೆಕ್ಕ ನೋಡಿ. ಸಿಸಿ ನೂರಕ್ಕೆ 7 ಏರಿದೆ, ಗಾಳಿಯೂ ಅಷ್ಟು ಹೆಚ್ಚು ಒಳಹೋಗುತ್ತದೆ, ಪೆಟ್ರೋಲು ಎಷ್ಟು ಬಿಡಬೇಕೆಂದು ನಿರ್ಧರಿಸುವ ಪುಟ್ಟ ಕಂಪ್ಯೂಟರಾದ ಇಸಿಯುಗೆ ಮಾತ್ರ ಇದು ಇನ್ನೂ 499. ಜೊತೆಗೆ ನೂರಕ್ಕೆ 20 ಎಥನಾಲ್ ಬೆರೆತ ಇ20 ಪೆಟ್ರೋಲು. ಇ10ಕ್ಕೆ ಸರಿಯಾದ ಗಾಳಿ-ಪೆಟ್ರೋಲು ಪ್ರಮಾಣ ಸುಮಾರು 14.1 ಇದ್ದರೆ ಇ20ಕ್ಕೆ 13.6ರ ಹತ್ತಿರ, ಅಂದರೆ ಇನ್ನೂ ನೂರಕ್ಕೆ 3–4 ಪೆಟ್ರೋಲು ಹೆಚ್ಚು ಬೇಕು. ಎರಡೂ ಸೇರಿದರೆ ಕೊರತೆ ನೂರಕ್ಕೆ 10 ದಾಟುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಗಾಡಿಯಲ್ಲಿ ಹಗುರ ಆಕ್ಸಿಲೇಟರಿನಲ್ಲಿ ಇಸಿಯು ಇದನ್ನು ತಾನೇ ಸರಿಮಾಡಿಕೊಂಡೀತು. ಪೂರ್ತಿ ತಿರುವಿದಾಗ ಸೆನ್ಸರಿನ ಮಾತು ಕೇಳುವುದಿಲ್ಲ, ಪೆಟ್ರೋಲು ಸಾಲದೆ ಎಂಜಿನ್ ವಿಪರೀತ ಬಿಸಿಯಾಗುವುದು ಆಗಲೇ. ಅದಕ್ಕೆ ಮೂಲ ಇಸಿಯು ಜೊತೆಗೆ ಕೂರುವ ಪಿಗ್ಗಿಬ್ಯಾಕ್ ಇಸಿಯು ಹಾಕಿ, ಸೈಲೆನ್ಸರ್ ಪೈಪಿಗೆ ಮಿಶ್ರಣವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿ, ಪೆಟ್ರೋಲಿನ ಲೆಕ್ಕದ ಮ್ಯಾಪ್ ಮಾಡಿಸಬೇಕು. ಮೀಟರನ್ನು ಲ್ಯಾಂಬ್ಡಾದಲ್ಲೇ ಓದಿ (1 ಅಂದರೆ ಸರಿಯಾದ ಮಿಶ್ರಣ, ಅದಕ್ಕಿಂತ ಕಡಿಮೆಯಾದರೆ ಪೆಟ್ರೋಲು ಹೆಚ್ಚು), ಎಥನಾಲ್ ಎಷ್ಟಿದ್ದರೂ ಅದು ತಪ್ಪು ಹೇಳುವುದಿಲ್ಲ. ಪೂರ್ತಿ ಆಕ್ಸಿಲೇಟರಿನಲ್ಲಿ 0.87ರಿಂದ 0.90, ಸಮತಟ್ಟಿನ ಓಟದಲ್ಲಿ 0.97ರ ಆಸುಪಾಸು. ಕಡಿಮೆ ಆರ್‌ಪಿಎಂ, ಹೆಚ್ಚು ಭಾರದ ಜಾಗದಲ್ಲಿ ಇಗ್ನಿಷನ್ ಎರಡು ಡಿಗ್ರಿ ಹಿಂದಕ್ಕಿಡಿ, ಅಂದರೆ ಕಿಡಿ ತುಸು ತಡವಾಗಿ ಬೀಳಲಿ. ವಾಲ್ವನ್ನು ಹೆಚ್ಚು ಎತ್ತುವ ದೊಡ್ಡ ಕ್ಯಾಮ್ ಬೇಡ, ಮೇಲಿನ ಆರ್‌ಪಿಎಂನಲ್ಲಿ ಕೊಡುವುದನ್ನು ಅದು ಕೆಳಗಿನಿಂದ ಕಸಿಯುತ್ತದೆ. ಡಬ್ಬಿಯಿಲ್ಲದ ಬಯಲು ಕೋನ್ ಏರ್ ಫಿಲ್ಟರೂ ಬೇಡ. ಮಳೆಗಾಲದ ನೀರು, ಬೇಸಿಗೆಯ ಚಿರೆಕಲ್ಲಿನ ಕೆಂಪು ಧೂಳು ಎರಡೂ ನೇರ ಬೋರಿಗೆ ಹೋಗುತ್ತವೆ.

ಮೊದಲ ಸ್ಟಾರ್ಟಿನಲ್ಲಿ ಎರಡು ನಿಮಿಷ ಓಡಿಸಿ, ಫಿನ್ ಪೂರ್ತಿ ತಣಿಯುವವರೆಗೆ ಬಿಡಿ. ಹೀಗೆ ಮೂರು ಸಲ. ತಣ್ಣಗಿರುವಾಗ ಹೆಡ್ ಬೋಲ್ಟ್ ಮತ್ತೆ ನೋಡಿ. ನಿಂತಲ್ಲೇ ಗಂಟೆಗಟ್ಟಲೆ ಓಡಿಸಿದರೆ ರಿಂಗ್ ಕೂರುವುದಿಲ್ಲ, ಬೋರು ಹೊಳಪಾಗುತ್ತದೆ. ಕುಮಟಾ–ಅಂಕೋಲಾ ನಡುವಿನ ಹೆದ್ದಾರಿ ರಿಂಗ್ ಕೂರಿಸುವುದಕ್ಕೆ ಹೇಳಿ ಮಾಡಿಸಿದ ಜಾಗ. ಮೂರನೇ, ನಾಲ್ಕನೇ ಗೇರಿನಲ್ಲಿ 2500ರಿಂದ 3500ಕ್ಕೆ ಅರ್ಧ ಆಕ್ಸಿಲೇಟರಿನಲ್ಲಿ ಏರಿಸುವುದು, ಆಕ್ಸಿಲೇಟರ್ ಪೂರ್ತಿ ಬಿಟ್ಟು ಇಳಿಸುವುದು. ಆಯಿಲ್ 15ಡಬ್ಲ್ಯೂ-50. ಓಟ 50 ಕಿ.ಮೀ. ಆದಾಗ ಒಮ್ಮೆ, 300 ಆದಾಗ ಒಮ್ಮೆ, 1000 ಆದಾಗ ಒಮ್ಮೆ ಬದಲಿಸಿ. 500 ಕಿ.ಮೀ. ಆಗದೆ ಘಟ್ಟ ಬೇಡ.

ಮೊದಲ ಘಟ್ಟ ಹತ್ತಿ ಇಳಿದ ಮೇಲೆ ಪ್ಲಗ್ ಬಿಚ್ಚಿ ಬೆಳಕಿನಲ್ಲಿ ನೋಡಿ. ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚಿಮುಕಿಸಿದಂತೆ ಸಣ್ಣ ಕಪ್ಪು, ಬೆಳ್ಳಿ ಚುಕ್ಕೆಗಳಿದ್ದರೆ ಕಿವಿಗೆ ಕೇಳದ ನಾಕಿಂಗ್ ನಡೆದಿದೆ, ಪಿಸ್ಟನ್ನಿನ ಅಲ್ಯೂಮಿನಿಯಂ ಹಾರುತ್ತಿದೆ. ಇಗ್ನಿಷನ್ ಇನ್ನೊಂದು ಡಿಗ್ರಿ ಹಿಂದಕ್ಕೆ ತಂದು ಮತ್ತೆ ನೋಡಬೇಕು. ಯಾವಾಗಲಾದರೂ ಪಿಸ್ಟನ್ ಹಿಡಿದುಕೊಂಡು ಎಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ನಾಲ್ಕು ಮೂಲೆಯಲ್ಲಿ ಉಜ್ಜಿದ ಗುರುತಿದ್ದರೆ ಕ್ಲಿಯರೆನ್ಸ್ ಸಾಲದು, ಇಲ್ಲವೇ ಬಿಸಿಯಾಗುವ ಮುನ್ನ ಜೋರು ಓಡಿಸಲಾಗಿದೆ.

ಕಂಪ್ರೆಷನ್ ಏರಿದ ಮೇಲೆ ಮೊದಲು ಏಟು ತಿನ್ನುವುದು ಸೆಲ್ಫ್ ಸ್ಟಾರ್ಟಿನ ಸ್ಪ್ರ್ಯಾಗ್ ಕ್ಲಚ್, ಅಂದರೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್. ಬ್ಯಾಟರಿ ಸೊರಗಿದ್ದಾಗ ಎಂಜಿನ್ ನಿಧಾನ ತಿರುಗಿ ಹಿಂದಕ್ಕೆ ಒದೆಯುತ್ತದೆ, ಆ ಒದೆ ಬೀಳುವುದು ಅದರ ಮೇಲೆ. ಬಟನ್ ಒತ್ತಿದಾಗ ವೋಲ್ಟೇಜ್ 10ಕ್ಕಿಂತ ಕೆಳಗಿಳಿಯುವ ಬ್ಯಾಟರಿ ಬದಲಿಸಿ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯನ್ನು ಕಿಕ್ಕಿನಲ್ಲೇ ಎಬ್ಬಿಸಿ.